ಸಂಶೋಧನಾ ವಿದ್ಯಾರ್ಥಿಯ ಸಮಯ ಮತ್ತು ಆರೋಗ್ಯ

ಒಂದು ಕಾಲಕ್ಕೆ ಮನೆಯ ಮಗನೋ ಮಗಳೋ ಪದವಿ ಪಡೆದರೆ ಓದು ಮುಗಿಯಿತೆಂದು ಹಿರಿಯರು ನೆಮ್ಮದಿಯ ಉಸಿರು ಬಿಡುತ್ತಿದ್ದರು. ಇಂದು ಹಾಗಿಲ್ಲ. ನಮ್ಮ ಹಳ್ಳಿಗಳ ಒಕ್ಕಲು ಮನೆತನಗಳಿಂದಲೂ ಸಣ್ಣ ಊರುಗಳ ಅಂಗಡಿಕಾರರ ಮನೆಗಳಿಂದಲೂ ಮಕ್ಕಳು ಸ್ನಾತಕೋತ್ತರ ಪದವಿಯನ್ನು ದಾಟಿ ಪಿಎಚ್.ಡಿ. ಸಂಶೋಧನೆಗೆ ಸೇರುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಜಾತ್ರೆಗೋ ಹಬ್ಬಕ್ಕೋ ಊರಿಗೆ ಬಂದ ಆ ವಿದ್ಯಾರ್ಥಿಯನ್ನು ಬಂಧುಗಳು ಕೇಳುವ ಪ್ರಶ್ನೆ ಒಂದೇ: "ಇನ್ನೂ ಎಷ್ಟು ವರ್ಷ?" ಆ ಪ್ರಶ್ನೆಗೆ ಉತ್ತರ ಹೇಳಲಾಗದೆ ತಲೆ ತಗ್ಗಿಸಿದ ಎಷ್ಟೋ ಮಕ್ಕಳನ್ನು ಮಾರ್ಗದರ್ಶಕನಾಗಿ ನಾನು ಕಂಡಿದ್ದೇನೆ. ಅವರ ಕಷ್ಟ ಬುದ್ಧಿಯ ಕೊರತೆಯದಲ್ಲ, ಶ್ರಮದ ಕೊರತೆಯದೂ ಅಲ್ಲ. ಅದು ಸಮಯಕ್ಕೆ ಆಕಾರ ಕೊಡಲಾಗದ ಕಷ್ಟ. ಆ ಕಷ್ಟ ಮೊದಲು ಕಾಣಿಸಿಕೊಳ್ಳುವುದು ಶರೀರದಲ್ಲಿ. ಆದುದರಿಂದಲೇ ಈ ವಿಷಯವನ್ನು ಆರೋಗ್ಯದ ಅಂಕಣದಲ್ಲಿ ವಿಚಾರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಗಂಟೆ ಬಾರಿಸದ ಶಾಲೆ

ಶಾಲೆ ಕಾಲೇಜುಗಳಲ್ಲಿ ಗಂಟೆ ಬಾರಿಸುತ್ತದೆ, ವೇಳಾಪಟ್ಟಿ ಇರುತ್ತದೆ, ಪರೀಕ್ಷೆಯ ದಿನಾಂಕ ಗೋಡೆಯ ಮೇಲೆ ಬರುತ್ತದೆ. ವಿದ್ಯಾರ್ಥಿಯ ಸಮಯವನ್ನು ಬೇರೆಯವರೇ ಹಂಚಿಕೊಡುತ್ತಾರೆ. ಸಂಶೋಧನೆಯಲ್ಲಿ ಆರಂಭದ ಪಾಠಕ್ರಮ ಮುಗಿದೊಡನೆ ಈ ಎಲ್ಲ ಆಸರೆಗಳೂ ಒಮ್ಮೆಲೇ ಇಲ್ಲವಾಗುತ್ತವೆ. ಬೆಳಿಗ್ಗೆ ಏಳದಿದ್ದರೆ ಕೇಳುವವರಿಲ್ಲ, ರಾತ್ರಿ ಮಲಗದಿದ್ದರೂ ಕೇಳುವವರಿಲ್ಲ. ಮುಂದೆ ವರ್ಷಗಳು ಹಾಸಿಕೊಂಡಿರುವಂತೆ ಕಾಣುತ್ತವೆ. ಹಾಗೆ ಕಾಣುವುದೇ ಅಪಾಯ.

ಲೆಕ್ಕ ಹಾಕಿ ನೋಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳ ಪ್ರಕಾರ ಪಿಎಚ್.ಡಿ. ಅಧ್ಯಯನಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷಗಳವರೆಗೆ ಅವಕಾಶ ಸಿಗಬಹುದು. ಆದರೆ ಆಯೋಗದ ಕಿರಿಯ ಮತ್ತು ಹಿರಿಯ ಸಂಶೋಧನಾ ಶಿಷ್ಯವೇತನಗಳೆರಡೂ ಸೇರಿ ಬರುವುದು 5 ವರ್ಷ ಮಾತ್ರ. 2023ರ ಜನವರಿಯಿಂದ ಈ ಶಿಷ್ಯವೇತನವನ್ನು ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರದ 3 ವರ್ಷ 42,000 ರೂಪಾಯಿ ಎಂದು ಹೆಚ್ಚಿಸಲಾಗಿದೆ. ನಿಯಮ ಅನುಮತಿಸುವ ಅವಧಿಗೂ ಹಣ ಬರುವ ಅವಧಿಗೂ ಇರುವ ಈ ಅಂತರವನ್ನು ವಿದ್ಯಾರ್ಥಿ ಮೊದಲ ದಿನವೇ ತಿಳಿದಿರಬೇಕು. ಶಿಷ್ಯವೇತನ ನಿಂತ ಮೇಲೆ ಅತಿಥಿ ಉಪನ್ಯಾಸಕನಾಗಿ ಹಗಲೆಲ್ಲ ಪಾಠ ಹೇಳಿ, ರಾತ್ರಿ ಪ್ರಬಂಧ ಬರೆಯಹೊರಡುವವನ ಆರೋಗ್ಯವೂ ಪ್ರಬಂಧವೂ ಕೂಡಿಯೇ ಸೊರಗುತ್ತವೆ.

ಒಬ್ಬ ವಿದ್ಯಾರ್ಥಿಯ ನಾಲ್ಕು ತಿಂಗಳು

ನನ್ನ ಬಳಿ ಸಂಶೋಧನೆ ಮಾಡುತ್ತಿದ್ದ ಒಬ್ಬ ಯುವಕನ ನೆನಪಾಗುತ್ತದೆ. ಒಕ್ಕಲುತನದ ಮನೆಯವನು, ಅವನ ಮನೆತನದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲಿಗ. ಎರಡು ವರ್ಷ ಚೆನ್ನಾಗಿ ಕ್ಷೇತ್ರಕಾರ್ಯ ಮಾಡಿದ. ಮೂರನೆಯ ವರ್ಷ ಬರೆಯುವ ಹೊತ್ತು ಬಂದಾಗ ಕಾಣದಾದ. ನಾಲ್ಕು ತಿಂಗಳು ನನ್ನ ಕೊಠಡಿಯತ್ತ ಸುಳಿಯಲಿಲ್ಲ. ಬರೆಯುತ್ತಿರಬೇಕೆಂದು ಭಾವಿಸಿ ನಾನೂ ವಿಚಾರಿಸಲಿಲ್ಲ. ಅದು ನನ್ನ ತಪ್ಪು. ಒಂದು ದಿನ ಗ್ರಂಥಾಲಯದ ಮುಂದೆ ಎದುರಾದ. ಮೈ ಇಳಿದಿತ್ತು, ಕಣ್ಣು ಕೆಂಪಾಗಿದ್ದವು. ಕೇಳಿದರೆ, "ಬರದದ್ದು ಏನೂ ಇರಲಿಲ್ರಿ ಸರ್. ಬರಿಗೈಲೆ ಹೆಂಗ ಬರೂದು ಅಂತ ಬರಲಿಲ್ಲ" ಎಂದ.

ಅವನು ಸೋಮಾರಿಯಾಗಿರಲಿಲ್ಲ. ಪ್ರತಿ ರಾತ್ರಿ ಎರಡು ಮೂರು ಗಂಟೆಯವರೆಗೆ ಕುಳಿತಿರುತ್ತಿದ್ದ. ಓದಿದ್ದನ್ನೇ ಓದುತ್ತ, ಬರೆದ ಒಂದು ಪುಟವನ್ನು ಮತ್ತೆ ಅಳಿಸುತ್ತ, ನಡುನಡುವೆ ಮೊಬೈಲು ನೋಡುತ್ತ ರಾತ್ರಿ ಕಳೆಯುತ್ತಿದ್ದ. ಬೆಳಿಗ್ಗೆ ಹತ್ತರ ಮೇಲೆ ಏಳುವುದು, ಉಪಾಹಾರವಿಲ್ಲ, ಮಧ್ಯಾಹ್ನದ ಊಟದ ಮೇಲೆ ತೂಕಡಿಕೆ, ಸಂಜೆ ಅಪರಾಧಭಾವ, ರಾತ್ರಿ ಮತ್ತೆ ಅದೇ ಜಾಗರಣೆ. ದಿನಕ್ಕೆ ಹದಿನಾಲ್ಕು ಗಂಟೆ ಸಂಶೋಧನೆಯ ಚಿಂತೆ ಮಾಡುತ್ತಿದ್ದನೇ ಹೊರತು ಒಂದು ಗಂಟೆಯೂ ಸಂಶೋಧನೆ ಮಾಡುತ್ತಿರಲಿಲ್ಲ. ಚಿಂತೆಯನ್ನೇ ಕೆಲಸವೆಂದು ಎಣಿಸುವ ಈ ಭ್ರಮೆ ಬಹಳ ವಿದ್ಯಾರ್ಥಿಗಳಲ್ಲಿದೆ.

ನಿದ್ರೆಯನ್ನು ಕದ್ದು ಸಮಯ ಗಳಿಸಲಾಗದು

ಮನುಷ್ಯನ ದೇಹದೊಳಗೆ ಸುಮಾರು 24 ಗಂಟೆಗಳ ಆವರ್ತನೆಯ ಒಂದು ಗಡಿಯಾರವಿದೆ. ನಿದ್ರೆ, ಎಚ್ಚರ, ಹಸಿವು, ದೇಹದ ಉಷ್ಣತೆ ಇವೆಲ್ಲ ಅದರ ಅಧೀನ. ಈ ಗಡಿಯಾರದ ಒಳಗಿನ ಕಾರ್ಯವಿಧಾನವನ್ನು ಶೋಧಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಷ್ ಮತ್ತು ಮೈಕೇಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಬೆಳಗಿನ ಬೆಳಕು ಈ ಗಡಿಯಾರವನ್ನು ದಿನವೂ ಸರಿಪಡಿಸುತ್ತದೆ. ಒಂದು ದಿನ ಹತ್ತಕ್ಕೆ ಮಲಗಿ, ಮರುದಿನ ಮೂರಕ್ಕೆ ಮಲಗುವವನ ಗಡಿಯಾರ ಯಾವ ಹೊತ್ತನ್ನೂ ಸರಿಯಾಗಿ ತೋರಿಸಲಾರದು.

ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆಗಳ ನಿದ್ರೆ ಬೇಕೆಂಬುದು ನಿದ್ರಾತಜ್ಞರ ಅಭಿಮತ. ಕಡಿಮೆ ನಿದ್ರೆಯೇ ತನಗೆ ರೂಢಿಯಾಗಿದೆ ಎಂದು ಹೇಳುವವರಿದ್ದಾರೆ. ಅವರು 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಗಮನಿಸಬೇಕು. ಅದರಲ್ಲಿ ಆರೋಗ್ಯವಂತ ವಯಸ್ಕರ ನಿದ್ರೆಯನ್ನು 14 ದಿನಗಳ ಕಾಲ ರಾತ್ರಿ 6 ಗಂಟೆಗೋ ಅದಕ್ಕಿಂತ ಕಡಿಮೆಗೋ ಮಿತಿಗೊಳಿಸಲಾಯಿತು. ಕೊನೆಗೆ ಅವರ ಗಮನಶಕ್ತಿ ಒಂದೆರಡು ರಾತ್ರಿ ಪೂರ್ಣ ಜಾಗರಣೆ ಮಾಡಿದವರ ಮಟ್ಟಕ್ಕೆ ಇಳಿದಿತ್ತು. ಆದರೆ ಅವರಲ್ಲಿ ಬಹುಪಾಲು ಜನರಿಗೆ ತಮ್ಮ ಶಕ್ತಿ ಇಷ್ಟು ಕುಂದಿದೆಯೆಂಬ ಅರಿವೇ ಇರಲಿಲ್ಲ. ನಿದ್ರೆಗೆಟ್ಟವನು ತನ್ನ ಬುದ್ಧಿಯ ಮಂಕನ್ನು ತಾನೇ ಅಳೆಯಲಾರ ಎಂಬುದು ಇದರ ತಾತ್ಪರ್ಯ.

ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ರೆ ಅವಶ್ಯ. ಹೀಗಿರುವಾಗ ನಿದ್ರೆಗೆಟ್ಟು ಓದುವುದೆಂದರೆ ಕಣಜದ ತಳಕ್ಕೆ ತೂತು ಕೊರೆದು ಮೇಲಿನಿಂದ ಕಾಳು ಸುರಿದಂತೆ. ಕಾಫಿ ಚಹಾಗಳಲ್ಲಿರುವ ಕೆಫೀನಿನ ಅರ್ಧಭಾಗ ದೇಹದಿಂದ ಹೋಗಲು ಸರಾಸರಿ 5 ಗಂಟೆ ಬೇಕಾಗುತ್ತದೆ. ಸಂಜೆ 6ಕ್ಕೆ ಕುಡಿದ ಗಟ್ಟಿ ಕಾಫಿ ರಾತ್ರಿ 11ಕ್ಕೂ ಅರ್ಧದಷ್ಟು ಕೆಲಸ ಮಾಡುತ್ತಲೇ ಇರುತ್ತದೆ. ಆದುದರಿಂದ ಮಧ್ಯಾಹ್ನದ ಅನಂತರ ಅದನ್ನು ತ್ಯಜಿಸುವುದು ಲೇಸು. ಮಲಗುವ ಹೊತ್ತು ಒಂದೊಂದು ದಿನ ಸ್ವಲ್ಪ ಹಿಂದು ಮುಂದಾದರೂ ಏಳುವ ಹೊತ್ತನ್ನು ಬದಲಿಸಬಾರದು. ದಿನಚರಿಯನ್ನು ಕಟ್ಟಲು ಇದೇ ಮೊದಲ ಗೂಟ.

ಹದವರಿತು ಬಿತ್ತುವುದು

ಒಕ್ಕಲಿಗನಿಗೆ ಹದ ಎಂದರೇನೆಂದು ಗೊತ್ತು. ಮಳೆ ಬಿದ್ದ ಮೇಲೆ ನೆಲ ಹದಕ್ಕೆ ಬಂದಾಗ ಕೂರಿಗೆ ಹೂಡಿದವನ ಬೆಳೆಯೇ ಬೇರೆ, ಹದ ತಪ್ಪಿ ಬಿತ್ತಿದವನ ಬೆಳೆಯೇ ಬೇರೆ. ಹೊಲ ಅದೇ, ಬೀಜ ಅದೇ, ದುಡಿಮೆಯೂ ಅಷ್ಟೇ. ಮನಸ್ಸಿಗೂ ಹೀಗೆ ಒಂದು ಹದವಿದೆ. ಹೆಚ್ಚಿನವರಿಗೆ ಅದು ಬೆಳಗಿನ ಹೊತ್ತು, ಕೆಲವರಿಗೆ ಸಂಜೆ. ತನ್ನ ಹದದ ಹೊತ್ತು ಯಾವುದೆಂದು ಎರಡು ವಾರ ಗಮನಿಸಿ ತಿಳಿದುಕೊಂಡು, ಆ ಹೊತ್ತನ್ನು ಬರವಣಿಗೆಗೆ ಮೀಸಲಿಡಬೇಕು. ನಮ್ಮ ಮಕ್ಕಳು ಮಾಡುವ ತಪ್ಪೆಂದರೆ ಆ ಹೊತ್ತಿನಲ್ಲಿ ಇ-ಮೇಲ್ ನೋಡುವುದು, ಅರ್ಜಿ ತುಂಬುವುದು, ಕಚೇರಿಗೆ ಅಲೆಯುವುದು ಮಾಡಿ, ಕಠಿಣವಾದ ಬರವಣಿಗೆಯನ್ನು ದಣಿದ ರಾತ್ರಿಗೆ ಬಿಡುವುದು.

ಹದದ ಹೊತ್ತಿನಲ್ಲಿ ದಿನಕ್ಕೆ 300 ಪದ ಬರೆದರೆ ಸಾಕು. ವಾರಕ್ಕೆ 5 ದಿನ ಬರೆದರೆ 1,500 ಪದಗಳಾದವು. ವರ್ಷದಲ್ಲಿ 12 ವಾರ ಹಬ್ಬ, ಕಾಯಿಲೆ, ಪ್ರಯಾಣಗಳಿಗೆ ಹೋದರೂ ಉಳಿದ 40 ವಾರಗಳಲ್ಲಿ 60,000 ಪದಗಳಾಗುತ್ತವೆ. ಅದರಲ್ಲಿ ಅರ್ಧವನ್ನು ತಿದ್ದುವಾಗ ತೆಗೆದುಹಾಕಿದರೂ 30,000 ಉಳಿಯುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಪ್ರಬಂಧಕ್ಕೂ ಸಲ್ಲುತ್ತದೆ. ಎಲ್ಲವನ್ನೂ ಓದಿ ಮುಗಿಸಿದ ಮೇಲೆ ಬರೆಯುತ್ತೇನೆ ಎನ್ನುವವನು ಬರೆಯುವುದೇ ಇಲ್ಲ, ಏಕೆಂದರೆ ಓದು ಮುಗಿಯುವ ವಸ್ತುವಲ್ಲ. ಬರೆಯುವಾಗಲೇ ಏನನ್ನು ಓದಬೇಕೆಂಬುದು ತಿಳಿಯುತ್ತದೆ.

ಬರೆಯುವಾಗ ಮೊಬೈಲು ಮೇಜಿನ ಮೇಲಿರಬಾರದು, ಬೇರೆ ಕೋಣೆಯಲ್ಲಿರಬೇಕು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೊರಳಿದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಅಂಟಿಕೊಂಡಿರುತ್ತದೆಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದಾರೆ. ಒಂದು ನಿಮಿಷ ಸಂದೇಶ ನೋಡಿದವನು ಒಂದೇ ನಿಮಿಷ ಕಳೆದುಕೊಂಡೆನೆಂದು ತಿಳಿದರೆ ಅದು ತಪ್ಪು ಲೆಕ್ಕ. ಕುಳಿತುಕೊಳ್ಳುವ ಅಭ್ಯಾಸ ತಪ್ಪಿದವರು 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ಕ್ರಮದಿಂದ ಆರಂಭಿಸಬಹುದು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ತನ್ನ ವಿದ್ಯಾರ್ಥಿದೆಸೆಯಲ್ಲಿ, 1980ರ ದಶಕದ ಕೊನೆಗೆ, ಅಡುಗೆಮನೆಯ ಪುಟ್ಟ ಗಡಿಯಾರವನ್ನು ಇಟ್ಟುಕೊಂಡು ರೂಢಿಸಿಕೊಂಡ ವಿಧಾನವಿದು.

ಅಂದಾಜು ತಪ್ಪುವುದು ಸಹಜ

"ಈ ಅಧ್ಯಾಯ ಒಂದು ತಿಂಗಳಲ್ಲಿ ಮುಗಿಯುತ್ತದೆ ಸರ್" ಎಂಬ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅಂದಾಜು ತಪ್ಪುವುದು ಮನುಷ್ಯಸ್ವಭಾವ. ಕೆನಡಾದ ಮನಶ್ಶಾಸ್ತ್ರಜ್ಞರು ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕಾದೀತೆಂದು ಕೇಳಿ, ಅದರ ಫಲಿತಾಂಶವನ್ನು 1994ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳ ಸರಾಸರಿ ಅಂದಾಜು ಸುಮಾರು 34 ದಿನ. ಎಲ್ಲವೂ ಅತ್ಯಂತ ಕೆಟ್ಟದಾಗಿ ನಡೆದರೆ ಎಷ್ಟು ದಿನವೆಂದು ಕೇಳಿದಾಗ ಸುಮಾರು 49 ದಿನ ಎಂದರು. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಗಳಿಗೂ ಹೆಚ್ಚು. ಅಂದರೆ ಅವರ ಕಡುನಿರಾಶೆಯ ಅಂದಾಜೂ ಸಾಲದಾಯಿತು.

ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ಯಾವ ಕೆಲಸಕ್ಕಾದರೂ ತೋಚಿದ ಅವಧಿಗೆ ಅದರ ಅರ್ಧಕ್ಕಿಂತ ಹೆಚ್ಚನ್ನು ಕೂಡಿಸಿಯೇ ದಿನಾಂಕ ಹೇಳಬೇಕು. ಎರಡನೆಯದು, ಹೊಸ ಕೆಲಸದ ಅಂದಾಜಿಗೆ ಹಳೆಯ ಅನುಭವವೇ ಆಧಾರವಾಗಬೇಕು. ಮೊದಲ ಅಧ್ಯಾಯ ಐದು ತಿಂಗಳು ಹಿಡಿದಿದ್ದರೆ ಎರಡನೆಯದು ಒಂದೇ ತಿಂಗಳಲ್ಲಿ ಮುಗಿಯುವುದೆಂದು ನಂಬಲು ಕಾರಣವಿಲ್ಲ. ಗಡುವು ತಪ್ಪಿದಾಗ ತನ್ನನ್ನು ತಾನು ಹಳಿದುಕೊಂಡು ರಾತ್ರಿಯ ನಿದ್ರೆಯನ್ನು ದಂಡವಾಗಿ ತೆರುವ ಬದಲು ಗಡುವನ್ನೇ ಸರಿಯಾಗಿ ಹಾಕಿಕೊಳ್ಳುವುದು ವಿವೇಕ.

ಒಂದು ಮಾದರಿ ದಿನಚರಿ

ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಂದುವುದಿಲ್ಲ. ಆದರೂ ಆರಂಭಿಸುವವರಿಗೆ ಈ ಕ್ರಮ ಉಪಯುಕ್ತವಾದೀತು.

1. ಬೆಳಿಗ್ಗೆ 5:30ಕ್ಕೆ ಏಳುವುದು. ಸ್ನಾನ, ಪೂಜೆಗಳನ್ನು ಮುಗಿಸಿ ಕೆಲ ಹೊತ್ತು ಬಿಸಿಲಿಗೆ ಮೈಯೊಡ್ಡುವುದು. ಉಪಾಹಾರವನ್ನು ತಪ್ಪಿಸಬಾರದು.

2. 8ರಿಂದ 10:30ರವರೆಗೆ ಬರವಣಿಗೆ. ಈ ಹೊತ್ತಿನಲ್ಲಿ ಬೇರೆ ಯಾವ ಕೆಲಸವೂ ಇಲ್ಲ.

3. 11ರಿಂದ 1ರವರೆಗೆ ಪ್ರಯೋಗಾಲಯ, ಗ್ರಂಥಾಲಯ ಅಥವಾ ದತ್ತಾಂಶದ ಕೆಲಸ.

4. ಮಿತವಾದ ಊಟ. ನಿದ್ರೆ ಬಂದರೆ 20 ನಿಮಿಷಕ್ಕೆ ಮೀರದ ವಿಶ್ರಾಂತಿ.

5. ಮಧ್ಯಾಹ್ನ 2:30ರಿಂದ 5ರವರೆಗೆ ಓದು, ಟಿಪ್ಪಣಿ, ಪತ್ರವ್ಯವಹಾರ, ಕಚೇರಿಯ ಕೆಲಸ.

6. ಸಂಜೆ ಕನಿಷ್ಠ 30 ನಿಮಿಷ ಚುರುಕಾದ ನಡಿಗೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಐದು ಸಂಜೆ ನಡೆದರೆ ಅಷ್ಟಾಯಿತು.

7. ಮಲಗುವ ಮುನ್ನ ಮರುದಿನ ಬರೆಯಬೇಕಾದ ಮೊದಲ ವಿಷಯವನ್ನು ಒಂದು ಸಾಲಿನಲ್ಲಿ ಬರೆದಿಡುವುದು. ಬೆಳಿಗ್ಗೆ ಎಲ್ಲಿಂದ ಆರಂಭಿಸಲಿ ಎಂಬ ತಡವರಿಕೆ ಇದರಿಂದ ತಪ್ಪುತ್ತದೆ. ರಾತ್ರಿ 10ಕ್ಕೆ ದೀಪ ಆರಿಸುವುದು.

ಗಣಕಯಂತ್ರದ ಮುಂದೆ ಕುಳಿತವರು ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿದರೆ ಕಣ್ಣಿನ ದಣಿವು ಕಡಿಮೆಯಾಗುತ್ತದೆ. ಪರದೆ ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತರಿಸಿಕೊಂಡರೆ ಕತ್ತು ನೋವು ಬಾಧಿಸದು. ವಾರದಲ್ಲಿ ಒಂದು ದಿನ ಸಂಶೋಧನೆಯ ಗೊಡವೆಯೇ ಬೇಡ. ಆ ದಿನ ಮನೆಯವರೊಡನೆ ಮಾತು, ಬಟ್ಟೆ ಒಗೆಯುವುದು, ಸ್ನೇಹಿತರ ಭೇಟಿ ಇರಲಿ. ಹೊಲವನ್ನೂ ಬೀಳು ಬಿಟ್ಟು ಮತ್ತೆ ಬಿತ್ತುವ ಪದ್ಧತಿ ನಮ್ಮಲ್ಲಿದೆಯಲ್ಲವೆ?

ಮಾರ್ಗದರ್ಶಕರ ಮುಂದೆ ಬರಿಗೈಲಿ ಹೋಗಬಹುದು

ಪ್ರತಿ ಸೆಮಿಸ್ಟರಿಗೊಮ್ಮೆ ವಿದ್ಯಾರ್ಥಿ ತನ್ನ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ನಿವೇದಿಸಬೇಕೆಂದು ನಿಯಮವಿದೆ. ಆದರೆ ಆರು ತಿಂಗಳು ದೀರ್ಘ ಕಾಲ. ಅಷ್ಟರಲ್ಲಿ ಒಬ್ಬ ಮನುಷ್ಯ ಪೂರ್ತಿ ದಾರಿ ತಪ್ಪಬಹುದು. ಆದುದರಿಂದ ಹದಿನೈದು ದಿನಗಳಿಗೊಮ್ಮೆಯಾದರೂ ಮಾರ್ಗದರ್ಶಕರನ್ನು ಕಾಣಬೇಕು. ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ, ಮುಂದೇನು ಎಂಬ ಮೂರು ವಿಷಯಗಳನ್ನು ಅರ್ಧ ಪುಟದಲ್ಲಿ ಬರೆದು ಒಯ್ಯಬೇಕು. ಏನೂ ಮಾಡಿಲ್ಲದಿದ್ದರೆ ಅದನ್ನೇ ಬರೆಯಬೇಕು. ಬರಿಗೈಲಿ ಹೋಗುವ ನಾಚಿಕೆ ಒಂದು ದಿನದ್ದು. ಹೋಗದೆ ಉಳಿದವನ ನಾಚಿಕೆ ದಿನೇ ದಿನೇ ಬೆಳೆಯುತ್ತದೆ.

ಮಾರ್ಗದರ್ಶಕರಾದ ನಾವೂ ಒಂದು ಮಾತು ನೆನಪಿಡಬೇಕು. ಶಿಷ್ಯ ಬಾರದಿದ್ದಾಗ ಬರೆಯುತ್ತಿರಬಹುದೆಂದು ಸುಮ್ಮನಿರುವುದು ಸಲ್ಲದು. ಅವನು ಬಾರದಿರುವುದೇ ಒಂದು ಸೂಚನೆ.

ಮನೆಯವರ ಪಾಲು

ಮಠದ ಭಕ್ತರಾದ ತಂದೆತಾಯಿಗಳಲ್ಲಿ ನನ್ನ ವಿನಂತಿ ಇದು. "ಯಾವಾಗ ಮುಗಿಯುತ್ತದೆ?" ಎಂಬ ಪ್ರಶ್ನೆಯನ್ನು ಬಿಟ್ಟು "ನಿದ್ದೆ ಸರಿಯಾಗಿ ಮಾಡುತ್ತೀಯಾ? ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆಯೇ?" ಎಂದು ಕೇಳಿರಿ. ಮೊದಲ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ. ಎರಡನೆಯದಕ್ಕೆ ಉತ್ತರವಿದೆ, ಆ ಉತ್ತರದಲ್ಲಿ ಅವರ ಸ್ಥಿತಿಯೂ ತಿಳಿಯುತ್ತದೆ.

ಮದುವೆಯಾದ ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಠಿಣ. ಅಡುಗೆ, ಮಕ್ಕಳು, ಅತ್ತೆಮಾವಂದಿರ ಆರೈಕೆ ಎಲ್ಲ ಮುಗಿದು ಪುಸ್ತಕ ತೆರೆಯುವಾಗ ರಾತ್ರಿ ಹನ್ನೊಂದಾಗಿರುತ್ತದೆ. ನಿಯಮಗಳು ಮಹಿಳೆಯರಿಗೆ ಇನ್ನೂ 2 ವರ್ಷಗಳ ಹೆಚ್ಚಿನ ಅವಕಾಶವನ್ನೂ, ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗಿನ ರಜೆಯನ್ನೂ ನೀಡಿವೆ. ಆದರೆ ಬೆಳಗಿನ ಎರಡು ಗಂಟೆಗಳನ್ನು ಯಾವ ನಿಯಮವೂ ಕೊಡಲಾರದು. ಅದನ್ನು ಮನೆಯವರೇ ಕೊಡಬೇಕು. ಬೆಳಗಿನ ಕೆಲಸವನ್ನು ಗಂಡನೋ ಅತ್ತೆಯೋ ವಹಿಸಿಕೊಂಡರೆ ಆ ಮನೆಯಿಂದ ಒಬ್ಬ ವಿದುಷಿ ಹೊರಬರುತ್ತಾಳೆ. ಇಲ್ಲವಾದರೆ ಒಬ್ಬ ರೋಗಿ ಉಳಿಯುತ್ತಾಳೆ. ಈ ಮಾತು ಕಟುವಾಗಿ ತೋರಿದರೆ ಕ್ಷಮೆ ಇರಲಿ. ಎರಡನ್ನೂ ನಾನು ಕಂಡಿದ್ದೇನೆ.

ಮನಸ್ಸು ಕುಗ್ಗಿದಾಗ

26 ದೇಶಗಳ 2,279 ಮಂದಿಯನ್ನು, ಮುಖ್ಯವಾಗಿ ಪಿಎಚ್.ಡಿ. ವಿದ್ಯಾರ್ಥಿಗಳನ್ನು, ಒಳಗೊಂಡ ಒಂದು ಸಮೀಕ್ಷೆ 2018ರಲ್ಲಿ ಪ್ರಕಟವಾಯಿತು. ಅದಕ್ಕೆ ಉತ್ತರಿಸಿದವರಲ್ಲಿ ನೂರಕ್ಕೆ 39 ಮಂದಿಯಲ್ಲಿ ಮಧ್ಯಮದಿಂದ ತೀವ್ರ ಪ್ರಮಾಣದ ಖಿನ್ನತೆಯ ಲಕ್ಷಣಗಳು ಕಂಡುಬಂದವು. ಸ್ವ-ಇಚ್ಛೆಯಿಂದ ಉತ್ತರಿಸಿದವರ ಸಮೀಕ್ಷೆಯಾದುದರಿಂದ ಈ ಸಂಖ್ಯೆಯನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೂ ಈ ಬಾಧೆ ವಿರಳವಲ್ಲವೆಂಬುದು ಸ್ಪಷ್ಟ. ಎರಡು ವಾರಕ್ಕೂ ಮೀರಿ ನಿದ್ರೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಹಿಂದೆ ಪ್ರಿಯವಾಗಿದ್ದುದರಲ್ಲಿ ಆಸಕ್ತಿ ಇಲ್ಲವಾದರೆ, ಬದುಕು ಬೇಡವೆನಿಸಿದರೆ ಅದು ದಿನಚರಿಯ ದೋಷವಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಜ್ವರ ಬಂದಾಗ ವೈದ್ಯರನ್ನು ಕಾಣುವಂತೆ ಆಗಲೂ ಕಾಣಬೇಕು. ಬದುಕು ಬೇಡವೆಂಬ ಭಾವ ಬಂದಾಗಲಂತೂ ಎರಡು ವಾರ ಕಾಯದೆ ಅಂದೇ ಹತ್ತಿರದವರಿಗೆ ತಿಳಿಸಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಪ್ರಧಾನ ಕೇಂದ್ರವಾಗಿದೆ.

ಮುಕ್ತಾಯ

ಮೇಲೆ ಹೇಳಿದ ಯುವಕನಿಗೆ ಅಂದು ನಾನು ಹೇಳಿದ್ದಿಷ್ಟೆ: "ತಮ್ಮಾ, ಮೊದಲು ಎರಡು ವಾರ ಹತ್ತಕ್ಕೆ ಮಲಗು. ಆಮೇಲೆ ಪ್ರತಿ ಸೋಮವಾರ ಒಂದೇ ಪುಟ ತಗೊಂಡು ಬಾ. ಎರಡು ಬೇಡ." ಮೊದಲ ಸೋಮವಾರ ತಂದದ್ದು ಅರ್ಧ ಪುಟ. ಮೂರನೆಯ ತಿಂಗಳಿಗೆ ನಾಲ್ಕು ಪುಟ ತರತೊಡಗಿದ. ಕಳೆದ ತಿಂಗಳುಗಳು ಮರಳಿ ಬರಲಿಲ್ಲ; ಶಿಷ್ಯವೇತನ ನಿಂತ ಮೇಲೆ ಒಂದು ವರ್ಷ ಅವನು ಕಷ್ಟಪಡಬೇಕಾಯಿತು. ಆದರೆ ಆರನೆಯ ವರ್ಷ ಪ್ರಬಂಧ ಸಲ್ಲಿಸುವ ದಿನ ಅವನ ತಂದೆ ಊರಿನಿಂದ ಬಂದಿದ್ದರು. ಅವರು ಪ್ರಬಂಧದ ಹಾಳೆಗಳನ್ನು ತಿರುವಿ ನೋಡಲಿಲ್ಲ. ಮಗನ ಮುಖ ನೋಡಿ "ಈಗ ಮೈಯಾಗ ಛಲೋ ಆಗ್ಯಾನ ನೋಡ್ರಿ" ಎಂದರು.

ಆ ತಂದೆ ಸರಿಯಾದದ್ದನ್ನೇ ಅಳೆದಿದ್ದರು. ಪದವಿ ಒಂದು ದಿನ ದೊರೆಯುತ್ತದೆ. ಅದನ್ನು ಹೊತ್ತು ಮುಂದಿನ ನಲವತ್ತು ವರ್ಷ ದುಡಿಯಬೇಕಾದುದು ಇದೇ ಶರೀರ, ಇದೇ ಮನಸ್ಸು. ಇವೆರಡನ್ನೂ ಕಾಪಾಡಿಕೊಂಡು ನಮ್ಮ ಮಕ್ಕಳು ತಮ್ಮ ಅಧ್ಯಯನವನ್ನು ಪೂರೈಸಲಿ, ಹಿರಿಯರು ಅವರಿಗೆ ಆಸರೆಯಾಗಿರಲಿ ಎಂದು ಹಾರೈಸುತ್ತೇನೆ.